ಸೊನ್ನೆ ಮಳೆ

ಜುಲೈ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ದಿಲೀಪ ಕುತ್ತಿಗೆ ಮತ್ತು ಭುಜದ ನಡುವೆ ಕೊಡೆ ಸಿಕ್ಕಿಸಿಕೊಂಡು, ಅಳತೆಯ ಗ್ಲಾಸನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಮಳೆ ಅಳೆಯುವ ಡಬ್ಬಿಯ, ಅಂದರೆ ರೈನ್‌ಗೇಜಿನ ಮುಂದೆ ನಿಂತಿದ್ದಾಗ ಜೇಬಿನಲ್ಲಿ ಫೋನು ಗುರ್ರೆಂದಿತು. ನಾಲ್ಕು ಇಂಚು ಇಪ್ಪತ್ತು ಸೆಂಟ್, ಅಂದರೆ ನಾಲ್ಕಿಂಚಿನ ಮೇಲೆ ಇಂಚಿನ ನೂರರಲ್ಲಿ ಇಪ್ಪತ್ತು ಪಾಲು. ಅದನ್ನು ಬಾಯಿಪಾಠ ಮಾಡುತ್ತ ಅವನು ಫೋನು ತೆಗೆದ. ಯಂತ್ರದಿಂದ ಅನುವಾದ ಮಾಡಿಸಿ ಕಳಿಸಿದ ಕನ್ನಡದ ಮೆಸೇಜು ಬಂದಿತ್ತು.

"ನಾನು ಮಾರ್ತಾ. ಚಿಲಿ ದೇಶದ ಶಾಲಾ ಶಿಕ್ಷಕಿ. ಐದು ವರ್ಷದಿಂದ ನಿಮ್ಮ ಪ್ರೋಗ್ರಾಮ್ ಬಳಸುತ್ತಿದ್ದೇನೆ. ಸಮ್ಮೇಳನಕ್ಕೆಂದು ಬೆಂಗಳೂರಿಗೆ ಬಂದವಳು ಇವತ್ತು ಹನ್ನೊಂದೂವರೆಯ ಬಸ್ಸಿಗೆ ಮೂಡಿಗೆರೆಯಲ್ಲಿ ಇಳಿಯುತ್ತೇನೆ. ನಿಮಗೆ ಎದುರಿಗೇ ಹೇಳಬೇಕಾದದ್ದೊಂದಿದೆ."

ದಿಲೀಪನಿಗೆ ಇಂಚು ಮರೆತುಹೋಗಿ ಗ್ಲಾಸನ್ನು ಮತ್ತೆ ನೋಡಬೇಕಾಯಿತು.

ಅವನು ಮಂಜಯ್ಯನವರ ಕಾಫಿ ಎಸ್ಟೇಟಿನಲ್ಲಿ ರೈಟರು, ಅಂದರೆ ಆಳುಗಳ ಹಾಜರಿ, ಗೊಬ್ಬರ, ಮಳೆ ಎಲ್ಲವನ್ನೂ ಬರೆದಿಡುವವನು. ಆರು ವರ್ಷದ ಹಿಂದೆ ಮಳೆ ಬರೆಯುವ ಪುಸ್ತಕಕ್ಕೆ ಗೆದ್ದಲು ಹಿಡಿದಾಗ, ತಾನೇ ಕಲಿತ ಅರೆಬರೆ ವಿದ್ಯೆಯಲ್ಲಿ ಒಂದು ಸಣ್ಣ ಪ್ರೋಗ್ರಾಮ್ ಬರೆದಿದ್ದ. ದಿನದ ಮಳೆ ತುಂಬಿದರೆ ಅದು ತಿಂಗಳು, ವರ್ಷ ಎಂದು ಕೂಡಿಸಿ ತೋರಿಸುತ್ತಿತ್ತು. ಯಾರು ಬೇಕಾದರೂ ಬಳಸಲಿ, ಒಳಗೆ ಬಿಚ್ಚಿ ನೋಡಲಿ, ತಿದ್ದಲಿ ಎಂದು ಇಂಟರ್ನೆಟ್ಟಿನಲ್ಲಿ ಇಟ್ಟುಬಿಟ್ಟ. ಅಕ್ಕಪಕ್ಕದ ನಾಲ್ಕು ಎಸ್ಟೇಟಿನವರು ತೆಗೆದುಕೊಂಡಾರು ಎಂದುಕೊಂಡಿದ್ದ. ತೆಗೆದುಕೊಂಡದ್ದು ನಲವತ್ತೊಂದು ದೇಶಗಳವರು.

ಆದರೆ ಅರವಟ್ಟಿಗೆ ಇಟ್ಟವನಿಗೆ ನೀರು ಕುಡಿದವರು ಬಂದು ಹೇಳುವುದೇನು? ಲೋಟ ಸಣ್ಣದು, ನೀರು ಬೆಚ್ಚಗಿದೆ, ಮಜ್ಜಿಗೆ ಯಾಕಿಲ್ಲ. ದಿಲೀಪನಿಗೆ ಬಂದಿದ್ದ ದೂರುಗಳಲ್ಲಿ ಮುನ್ನೂರಹನ್ನೆರಡು ಇನ್ನೂ ಬಾಕಿಯಿದ್ದವು. ಮಳೆಗೆ ನೀಲಿ ಬಣ್ಣ ಯಾಕೆ, ಹಸಿರು ಮಾಡಿ. ನಾಳೆಯ ಮಳೆ ಇವತ್ತೇ ಯಾಕೆ ತೋರಿಸುವುದಿಲ್ಲ? ನೀವು ಬದುಕಿದ್ದೀರಾ? ಹಿಂದಿನ ರಾತ್ರಿ ಊಟದ ತಟ್ಟೆಯ ಮುಂದೆ ಅವನು ಹೆಂಡತಿ ಭುವನಾಳಿಗೆ ಹೇಳಿದ್ದ: "ಇಷ್ಟು ವರ್ಷದಲ್ಲಿ ಒಂದೇ ಒಂದು ಥ್ಯಾಂಕ್ಸ್ ಬಂದಿಲ್ಲ ಕಣೇ. ನಾಳೆ ಸಂಜೆಯೊಳಗೆ ಒಬ್ರಾದ್ರೂ ಹೇಳದಿದ್ರೆ ಬಾಗ್ಲು ಹಾಕ್ತೀನಿ. ಮುಗೀತು."

"ಇದು ನಾಕನೇ ಸಲ ಮುಗಿಯೋದು," ಎಂದಿದ್ದಳು ಅವಳು.

ಅವಳು ಹೇಳಿದ್ದು ನಿಜ. ಬಾಗಿಲು ಹಾಕಲು ಹೋದಾಗಲೆಲ್ಲ ಅವನು ಕೊನೆಯ ಸಲಕ್ಕೆಂದು ಪ್ರೋಗ್ರಾಮಿನ ಭೂಪಟ ತೆರೆಯುತ್ತಿದ್ದ. ಅದರಲ್ಲಿ ಚುಕ್ಕೆಗಳು ಹೊತ್ತಿಕೊಳ್ಳುತ್ತಿದ್ದವು. ಒಂದು ಚುಕ್ಕೆ ಎಂದರೆ ಎಲ್ಲೋ ಒಬ್ಬ ಮನುಷ್ಯ ಹಾಸಿಗೆಯಿಂದೆದ್ದು, ಚಪ್ಪಲಿ ಹುಡುಕಿ, ಒಂದು ಡಬ್ಬಿಯ ತನಕ ನಡೆದು, ಬಗ್ಗಿ ಆಕಾಶ ಕೊಟ್ಟದ್ದೆಷ್ಟು ಎಂದು ನೋಡಿದ್ದಾನೆ. ಭೂಮಿ ತಿರುಗಿದಂತೆ ಬೆಳಗಾದಲ್ಲೆಲ್ಲ ಚುಕ್ಕೆ, ಚುಕ್ಕೆ, ಚುಕ್ಕೆ. ನೋಡುತ್ತ ನೋಡುತ್ತ ಬಾಗಿಲಿನ ವಿಷಯ ಅವನಿಗೆ ಮರೆತೇಹೋಗುತ್ತಿತ್ತು.

"ಥ್ಯಾಂಕ್ಸ್ ಹೇಳೋಕೆ ಅಲ್ಲಿಂದ ಬರ್ತಿದಾರಾ!" ದಿಲೀಪ ಮೆಸೇಜು ಓದಿ ಹೇಳಿದ್ದೇ ತಡ, ಭುವನಾ ಹಿಟ್ಟಿನ ಕೈಯಲ್ಲೇ ಹೊರಗೆ ಓಡಿಬಂದಳು. ಅವಳು ಪಕ್ಕದ ಮನೆಗೆ ಹೇಳಿದಳು. ಪಕ್ಕದ ಮನೆಯವರು ಹಾಲಿನವನಿಗೆ ಹೇಳಿದರು. ಅರ್ಧ ಗಂಟೆಯಲ್ಲಿ ಮಂಜಯ್ಯನವರ ಜೀಪು ಅಂಗಳದಲ್ಲಿತ್ತು.

ಮಂಜಯ್ಯನವರಿಗೆ ಸನ್ಮಾನವೆಂದರೆ ಪ್ರಾಣ. ಅವರ ಜೀಪಿನಲ್ಲಿ ಸ್ಟೆಪ್ನಿ ಇರುತ್ತಿತ್ತೋ ಇಲ್ಲವೋ, ಒಂದು ಶಾಲು, ಒಂದು ಪೇಟ, ಒಂದು ಹಾರ ಇದ್ದೇ ಇರುತ್ತಿದ್ದವು.

"ಎಂಥ ಮಾರಾಯ, ನನ್ನ ಎಸ್ಟೇಟಲ್ಲಿ ಇಂಥ ದೊಡ್ಡ ಮನುಷ್ಯ ಇದಾನೆ ಅಂತ ನನಗೇ ಗೊತ್ತಿಲ್ಲ! ಪುಕ್ಕಟೆ ಕೊಟ್ಟೆಯಂತೆ, ಹೌದಾ?"

"ಹೌದು ಸರ್."

"ಎಲ್ಲರಿಗೂ?"

"ಹೌದು ಸರ್."

"ತಲೆ ಸರಿ ಇತ್ತಾ ಆವಾಗ? ಇರ್ಲಿ. ಹನ್ನೆರಡಕ್ಕೆ ಸಮುದಾಯ ಭವನದಲ್ಲಿ ಸನ್ಮಾನ."

"ಸರ್, ಅವರು ಸುಮ್ನೆ ಮಾತಾಡೋಕೆ..."

"ಮಾತಾಡ್ಲಿ. ಮೈಕಲ್ಲಿ ಮಾತಾಡ್ಲಿ."

ಹನ್ನೊಂದರ ಹೊತ್ತಿಗೆ ಭವನ ತುಂಬಿತ್ತು. ಮೈಕ್ ಸೆಟ್ಟು, ಮೊಬೈಲ್ ರಿಪೇರಿ ಎರಡರ ಅಂಗಡಿಯನ್ನೂ ಇಟ್ಟಿದ್ದ ಫಾರಿಸ್ ಫ್ಲೆಕ್ಸು ತಂದ. ಹೊಸದು ಹೊಡೆಸಲು ಪುರುಸೊತ್ತಿರಲಿಲ್ಲ. ಹೋದ ವಾರ ನಿವೃತ್ತರಾದ ಶಿವಯ್ಯ ಮಾಸ್ತರ ಹೆಸರಿನ ಮೇಲೆ ದಿಲೀಪನ ಹೆಸರಿನ ಕಾಗದ ಅಂಟಿಸಿದ್ದರು. ಫೋಟೋದಲ್ಲಿ ಮಾಸ್ತರ ಪೊದೆಮೀಸೆ ಹಾಗೇ ಇತ್ತು.

"ದೂರದಿಂದ ನೋಡಿದ್ರೆ ನಿಮ್ಮಂಗೇ ಕಾಣ್ತದೆ ದಿಲೀಪಣ್ಣ," ಎಂದ ಫಾರಿಸ್.

"ಎಷ್ಟು ದೂರದಿಂದ?"

"ಕೊಟ್ಟಿಗೆಹಾರದಿಂದ."

ಪೇಟ ದೊಡ್ಡದಾಗಿತ್ತು. ತೊಡಿಸಿದೊಡನೆ ಅದು ಜಾರಿ ಕಣ್ಣಿನ ಮೇಲೆ ಕೂತಿತು. ಪೇಟದ ಅಂಚಿನ ಕೆಳಗಿಂದ ದಿಲೀಪನಿಗೆ ಮುಂದಿನ ಸಾಲಿನವರ ಚಪ್ಪಲಿಗಳು ಮಾತ್ರ ಕಾಣುತ್ತಿದ್ದವು. ಅವುಗಳಲ್ಲಿ ಗಮ್‌ಬೂಟಿನ ಜೋಡಿ ಗಿಡ್ಡಪ್ಪನವರದು. ಸಂಸೆ ಊರಿನ ಈ ಕಾಫಿ ಬೆಳೆಗಾರರು ಕೆಲಸಕ್ಕೆಂದು ಪೇಟೆಗೆ ಬಂದವರು ಸನ್ಮಾನದ ಸುದ್ದಿ ಕೇಳಿ ಒಳಗೆ ಬಂದಿದ್ದರು.

"ನಿಮ್ಮಲ್ಲಿ ಎಷ್ಟು ಮಂಜಯ್ಯನವರೇ, ನಿನ್ನೆ?"

"ನಾಕು ಇಪ್ಪತ್ತು."

"ಅಷ್ಟೇಯಾ? ನಮ್ಮಲ್ಲಿ ಆರು ಇಂಚು ಹತ್ತು ಸೆಂಟ್." ಮಗ ಡಾಕ್ಟರಾದ ಎನ್ನುವಂಥ ದನಿಯಲ್ಲಿ ಹೇಳಿ ಗಿಡ್ಡಪ್ಪ ಕಾಲು ಚಾಚಿ ಕೂತರು.

ಹನ್ನೆರಡಕ್ಕೆ ಮಾರ್ತಾ ಬಂದರು. ಅರವತ್ತು ದಾಟಿದ, ಒಣಗಿದ ಮೈಕಟ್ಟಿನ, ದಪ್ಪ ಕನ್ನಡಕದ ಹೆಂಗಸು. ಬಸ್ ಸ್ಟ್ಯಾಂಡಿನಿಂದ ಭವನಕ್ಕೆ ಬರುವಷ್ಟರಲ್ಲಿ ತೊಯ್ದು ತೊಪ್ಪೆಯಾಗಿದ್ದರು. ಕೊಡೆ ಹಿಡಿದವರನ್ನೆಲ್ಲ ಬೇಡವೆಂದು ದೂರ ಸರಿಸಿದ್ದರಂತೆ. ಅವರಿಗೆ ಬರುತ್ತಿದ್ದದ್ದು ಸ್ಪ್ಯಾನಿಷ್ ಮಾತ್ರ. ಫಾರಿಸ್ ತನ್ನ ಫೋನಿನಲ್ಲಿ ಅನುವಾದದ ಆ್ಯಪ್ ಹಾಕಿ, ಬ್ಲೂಟೂತಿನಲ್ಲಿ ಸ್ಪೀಕರಿಗೆ ಜೋಡಿಸಿ, ಅವರ ಕೈಗೆ ಕೊಟ್ಟ. ಅವರು ಮಾತಾಡಿದರೆ ಫೋನಿನ ಹೆಂಗಸು ಭವನಕ್ಕೆಲ್ಲ ಕೇಳುವಂತೆ ಕನ್ನಡದಲ್ಲಿ ಹೇಳುತ್ತಿದ್ದಳು.

ಮಾರ್ತಾ ಮೆಲ್ಲಗೆ ಏನೋ ಹೇಳಿದರು. ಭುವನಾ ಸೆರಗಿನ ತುದಿ ಕಣ್ಣಿಗೆ ಸಿದ್ಧವಾಗಿ ಹಿಡಿದಳು.

"ಮಾನ್ಯ ದಿಲೀಪ್ ಅವರೇ," ಎಂದಳು ಫೋನಿನ ಹೆಂಗಸು, "ತಾವು ನನ್ನ ದೂರನ್ನು ಎರಡು ವರ್ಷಗಳಿಂದ ನಿರ್ಲಕ್ಷಿಸಿರುತ್ತೀರಿ."

ಯಾರೋ ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿ ನಿಲ್ಲಿಸಿದರು.

"ನನ್ನ ಊರು ಮರುಭೂಮಿಯಲ್ಲಿದೆ. ಹನ್ನೊಂದು ವರ್ಷಗಳಿಂದ ನಾನು ಪ್ರತಿದಿನ ಮಳೆಯನ್ನು ಅಳೆಯುತ್ತೇನೆ. ಎರಡು ಬಾರಿ ಬಂದಿದೆ. ಉಳಿದ ದಿನ ಸೊನ್ನೆ ಎಂದು ಬರೆಯುತ್ತೇನೆ. ಆದರೆ ಜೂನ್, ಜುಲೈ, ಆಗಸ್ಟ್‌ನಲ್ಲಿ ತಮ್ಮ ಪ್ರೋಗ್ರಾಮ್ ನನ್ನ ಸೊನ್ನೆಯನ್ನು ಸ್ವೀಕರಿಸುವುದಿಲ್ಲ. ಅದು ನನಗೆ ಹೇಳುತ್ತದೆ: ಸುಳ್ಳು ಬರೆಯಬೇಡ ಮಾರಾಯ. ಡಬ್ಬಿ ಮಗುಚಿದೆಯಾ ನೋಡು."

ಪೇಟದೊಳಗೆ ದಿಲೀಪ ಬೆವತ. ಆ ಸಾಲು ಅವನದೇ. ಜುಲೈಯಲ್ಲಿ ಮಳೆ ಸೊನ್ನೆ ಎಂದು ಯಾವನಾದರೂ ಬರೆದರೆ ಒಂದೋ ಅವನು ಕುಡಿದಿರಬೇಕು, ಇಲ್ಲವೇ ಡಬ್ಬಿಯನ್ನು ದನ ಕೆಡವಿರಬೇಕು. ಮೂಡಿಗೆರೆಯಲ್ಲಿ ಹುಟ್ಟಿದವನಿಗೆ ಮೂರನೆಯ ಕಾರಣ ಹೊಳೆಯುವುದು ಹೇಗೆ?

"ನಾನು ಪ್ರತಿದಿನವೂ ಹೋಗಿ ನೋಡಿದೆ," ಫೋನಿನ ಹೆಂಗಸು ಮುಂದುವರಿಸಿದಳು. "ಡಬ್ಬಿ ಮಗುಚಿರಲಿಲ್ಲ."

ತಗಡಿನ ಮಾಡಿನ ಮೇಲೆ ಮಳೆ ಜಲ್ಲಿ ಸುರಿದಂತೆ ಸುರಿಯುತ್ತಿತ್ತು. ದಿಲೀಪನಿಗೆ ಕಂಡದ್ದು ಬೇರೆ: ಹನಿಯಿಲ್ಲದ, ಮೋಡವಿಲ್ಲದ ಬೆಳಗು, ಮರಳಿನ ನಡುವೆ ಒಂದು ಡಬ್ಬಿ, ಅದರೆಡೆಗೆ ನಡೆದುಹೋಗುತ್ತಿರುವ ಈ ಹೆಂಗಸು. ಏನೂ ಇಲ್ಲವೆಂದು ಗೊತ್ತಿದ್ದೂ ಸಾವಿರಾರು ಬೆಳಗು ಬಗ್ಗಿ ನೋಡಿದವಳು. ತನ್ನ ಭೂಪಟದಲ್ಲಿ ಅವಳೂ ಒಂದು ಚುಕ್ಕೆ. ವರ್ಷಕ್ಕೆ ಮೂರು ತಿಂಗಳು ತಾನೇ ನಂದಿಸಿದ ಚುಕ್ಕೆ.

"ಲ್ಯಾಪ್‌ಟಾಪ್ ಕೊಡೇ," ಎಂದ, ತನ್ನ ಚೀಲ ಹಿಡಿದು ಕೂತಿದ್ದ ಭುವನಾಳಿಗೆ.

ವೇದಿಕೆಯ ಮೇಲೇ, ಹಾರ ಶಾಲಿನ ಸಮೇತ ಕೂತು ಅವನು ಆರು ವರ್ಷದ ಹಿಂದಿನ ಸಾಲು ಹುಡುಕಿದ. ಒಂದು ಕೈ ಪೇಟ ಎತ್ತಿ ಹಿಡಿದಿತ್ತು, ಇನ್ನೊಂದು ಟೈಪ್ ಮಾಡಿತು. ಐದು ನಿಮಿಷ. "ಈಗ ಹಾಕಿ."

ಊರಲ್ಲಿ ತಂಗಿ ಹಿಂದಿನ ದಿನ ಅಳೆದು ಕಳಿಸಿದ್ದ ಸೊನ್ನೆಯನ್ನು ಮಾರ್ತಾ ತಮ್ಮ ಫೋನಿನಲ್ಲಿ ತುಂಬಿದರು. ಪ್ರೋಗ್ರಾಮು ಚಕಾರವೆತ್ತದೆ ಒಪ್ಪಿಕೊಂಡಿತು. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಭವನ ಚಪ್ಪಾಳೆಯಿಂದ ಅದುರಿತು. ದಿಲೀಪ ಕಾದ. ಇನ್ನೇನು ಆ ಮಾತು ಬರುತ್ತದೆ. ಅವರ ತುಟಿ ಅಲುಗಿತು ಕೂಡ.

ಅಷ್ಟರಲ್ಲಿ ಅವನ ಫೋನು ಟಿಂಗ್ ಎಂದಿತು. ಮತ್ತೆ ಟಿಂಗ್. ಆಮೇಲೆ ಕಾದ ಬಾಣಲೆಗೆ ಸಾಸಿವೆ ಬಿದ್ದ ಹಾಗೆ.

"ಥ್ಯಾಂಕ್ಸ್‌ಗಳು! ಲೋಕದ ಎಲ್ಲ ಕಡೆಯಿಂದ!" ಮಂಜಯ್ಯ ಎದ್ದು ನಿಂತರು. "ಫಾರಿಸಾ, ಮೈಕಲ್ಲಿ ಓದು!"

ಫಾರಿಸ್ ಫೋನು ಕಸಿದುಕೊಂಡು ಓದತೊಡಗಿದ. "ಶ್ರೀಲಂಕಾದಿಂದ: 'ನಾನು ಸೊಂಟದ ತನಕ ನೀರಲ್ಲಿ ನಿಂತಿದೀನಿ. ನಿಮ್ಮ ಪ್ರೋಗ್ರಾಮ್ ಪ್ರಕಾರ ಇಲ್ಲಿ ಮಳೆಯೇ ಇಲ್ಲ.' ಅಸ್ಸಾಮಿಂದ: 'ಎರಡು ಇಂಚು ಅಂತ ಬರೆದ್ರೆ ನಿಮ್ಮ ಭಾಷೆಯಲ್ಲಿ ಏನೋ ಬೈತಾ ಇದೆ.'" ಅವನು ತಲೆ ಎತ್ತಿದ. "ಅಣ್ಣಾ, ಇದು ಥ್ಯಾಂಕ್ಸಾ?"

ಗಡಿಬಿಡಿಯಲ್ಲಿ ದಿಲೀಪ ಸಾಲನ್ನು ಅಳಿಸುವ ಬದಲು ಉಲ್ಟಾ ತಿರುಗಿಸಿಬಿಟ್ಟಿದ್ದ. ಇಷ್ಟು ದಿನ ಸೊನ್ನೆಯನ್ನು ಒಪ್ಪದಿದ್ದ ಪ್ರೋಗ್ರಾಮು ಈಗ ಸೊನ್ನೆ ಬಿಟ್ಟು ಬೇರೇನನ್ನೂ ಒಪ್ಪುತ್ತಿರಲಿಲ್ಲ. ಹಳೆಯ ಮುಂಗಾರುಗಳನ್ನೆಲ್ಲ ಒಂದು ಹನಿ ಬಿಡದೆ ಸೊನ್ನೆ ಎಂದು ತೋರಿಸುತ್ತಿತ್ತು.

"ಸಂಸೆಗೆ ಸೊನ್ನೆಯಾ!" ಗಿಡ್ಡಪ್ಪ ತಮ್ಮ ಫೋನಿನಲ್ಲೂ ಇದ್ದ ಅದೇ ಪ್ರೋಗ್ರಾಮು ತೆರೆದು ನೋಡಿ ಗಮ್‌ಬೂಟು ಅಪ್ಪಳಿಸಿದರು. "ನನ್ನ ಆರು ಇಂಚು ಎಲ್ಲಿ? ಯಾರು ತಿಂದ್ರು?"

"ನಂಗೂ ಸೊನ್ನೆ!" "ಕಳಸಕ್ಕೂ ಸೊನ್ನೆ ಮಾರಾಯ್ರೇ!" ಕುರ್ಚಿಗಳು ಉರುಳಿದವು. ಮಾಡಿನ ಮೇಲಿನ ಸದ್ದಿಗೆ ಒಬ್ಬರ ಕೂಗು ಒಬ್ಬರಿಗೆ ಕೇಳಿಸುತ್ತಿರಲಿಲ್ಲ. ದಿಲೀಪ ಮತ್ತೆ ಲ್ಯಾಪ್‌ಟಾಪಿಗೆ ಬಗ್ಗಿದ. ಪೇಟ ಮತ್ತೆ ಜಾರಿತು.

ಆಗ ಸ್ಪೀಕರಿನಲ್ಲಿ ಫೋನಿನ ಹೆಂಗಸು ಸ್ಪಷ್ಟವಾಗಿ, ನಿಧಾನವಾಗಿ ಹೇಳಿದಳು:

"ಧನ್ಯವಾದಗಳು."

ಭವನದ ತಲೆಗಳೆಲ್ಲ ಸ್ಪೀಕರಿನ ಕಡೆ ತಿರುಗಿದವು. ದಿಲೀಪ ಪೇಟ ಕಿತ್ತು ತಲೆ ಎತ್ತಿದ.

ಮಾರ್ತಾ ವೇದಿಕೆಯ ಮೇಲಿರಲಿಲ್ಲ. ತೆರೆದ ಬಾಗಿಲಿನಾಚೆ, ಭವನದ ಅಂಗಳದಲ್ಲಿ, ಫಾರಿಸನ ಫೋನನ್ನು ಎದೆಗೊತ್ತಿಕೊಂಡು ಇವರಿಗೆಲ್ಲ ಮಗ್ಗುಲಾಗಿ ನಿಂತಿದ್ದರು. ಮುಖ ಆಕಾಶದ ಕಡೆಗಿತ್ತು. ಕನ್ನಡಕದ ಮೇಲೆ, ಹಣೆಯ ಮೇಲೆ, ತೆರೆದ ಬಾಯೊಳಗೆ ಮಳೆ ಬೀಳುತ್ತಿತ್ತು. ಇನ್ನೊಮ್ಮೆ ಅದೇ ಮಾತು ಹೇಳಿದರು. "ಧನ್ಯವಾದಗಳು," ಎಂದಿತು ಸ್ಪೀಕರು.

"ನಿಮಗಲ್ಲ ಕಣ್ರೀ ಅದು," ಭುವನಾ ಪಿಸುಗುಟ್ಟಿದಳು.

"ಗೊತ್ತು," ಎಂದ ದಿಲೀಪ. ಆದರೂ ಕಣ್ಣು ಕೀಳಲಿಲ್ಲ. ಹುಟ್ಟಿದಾಗಿನಿಂದ ನೋಡಿ, ಬೈದು, ಅಳೆದು, ಬರೆದಿಟ್ಟ ಮಳೆ ಅವನಿಗೆ ಈಗ ಮೊದಲ ಸಲ ಬರುತ್ತಿರುವಂತೆ ಕಂಡಿತು.

"ಎಂಥ ಬಾಯಿ ಬಿಟ್ಕೊಂಡು ನೋಡ್ತೀಯ ಮಾರಾಯ!" ಮಂಜಯ್ಯ ಅವನ ಹೆಗಲಿನಿಂದ ಶಾಲು ಎಳೆದುಕೊಂಡರು. "ಮೊದ್ಲು ನನ್ನ ನಾಕು ಇಂಚು ವಾಪಸ್ ಕೊಡು!"