ಸಣ್ಣತ್ತೆಯ ಲ್ಯಾಂಡಿಂಗು

ನಮ್ಮ ಸಣ್ಣತ್ತೆ ಯಾರ ಮನೆಗೂ ಒಂದೇ ಸಲಕ್ಕೆ ಬಂದು ಇಳಿಯುವವರಲ್ಲ! ನೀವು ನಂಬುವುದಿಲ್ಲ ಎಂದು ಗೊತ್ತು. ನಾನೂ ನಂಬಿರಲಿಲ್ಲ.

ಸಣ್ಣತ್ತೆ ಎಂದರೆ ಅಪ್ಪನ ಕಿರಿಯ ತಂಗಿ. ಹೊಸನಗರದಲ್ಲಿ ವಿಮೆ ಏಜೆಂಟ್. ಪಾಲಿಸಿ ಮಾಡಿಸುವವರನ್ನು ಹುಡುಕುತ್ತಾ ಮೂರು ತಾಲೂಕನ್ನು ಸ್ಕೂಟರಿನಲ್ಲೇ ಸುತ್ತುವವರು. ಮೊನ್ನೆ ಮೊನ್ನೆಯವರೆಗೂ ನೆಟ್ಟಗೆ ಬಂದು ನೆಟ್ಟಗೆ ಹೋಗುತ್ತಿದ್ದರು. ಈ ಬೇಸಿಗೆಯಲ್ಲಿ ಅದೇನಾಯಿತೋ! ಸಾಗರದ ನಮ್ಮ ಮನೆಗೆ ಬರುತ್ತೇನೆಂದು ಫೋನ್ ಮಾಡಿದರು. ಹೆಂಡತಿ ಕಾಫಿಗೆ ಹಾಲಿಟ್ಟಳು, ನಾನು ಗೇಟು ತೆಗೆದು ನಿಂತೆ. ಸ್ಕೂಟರು ಬಂತು, ನಿಧಾನವಾಯಿತು, ಗೇಟು ಇನ್ನೇನು ಮಾರು ದೂರ ಎನ್ನುವಾಗ ಗುರ್ ಎಂದು ಆಕ್ಸಿಲರೇಟರ್ ತಿರುವಿ ನನ್ನೆದುರಿಗೇ ಮುಂದೆ ಹೋಗಿಬಿಟ್ಟರು! ಕೈ ಬೇರೆ ಬೀಸಿದರು.

“ರೀ, ಅತ್ತೆಗೆ ನಮ್ಮ ಮೇಲೆ ಏನಾದ್ರೂ ಬೇಜಾರಾ?” ಎಂದಳು ಹೆಂಡತಿ.

ನಾನು ಬಾಯಿ ತೆಗೆಯುವಷ್ಟರಲ್ಲಿ ಬೀದಿ ಸುತ್ತಿಕೊಂಡು ಮತ್ತೆ ಬಂದರು. ಮತ್ತೆ ಗುರ್! ಎದುರು ಮನೆಯವರು ಪೇಪರ್ ಬಿಟ್ಟು ಹೊರಗೆ ಬಂದು ನಿಂತರು. ಮೂರನೆಯ ಸುತ್ತಿಗೆ ಅತ್ತೆ ಅಂತೂ ಒಳಗೆ ಬಂದರು. ಅಷ್ಟು ಹೊತ್ತಿಗೆ ಹಾಲು ಉಕ್ಕಿ ಒಲೆಯ ಮೇಲೆಲ್ಲಾ ಹರಿದಿತ್ತು.

“ಎಂತಾ ಅತ್ತೆ ಇದು?”

“ಗಾಳಿ ಇತ್ತು ಕಣೋ. ಗೋ-ಅರೌಂಡ್ ಮಾಡ್ದೆ.”

ಅತ್ತೆಯ ಒಬ್ಬಳೇ ಮಗಳು ಹೊರರಾಜ್ಯದಲ್ಲಿ ಪೈಲಟ್ ತರಬೇತಿಗೆ ಸೇರಿದ್ದು ನಮಗೆ ಗೊತ್ತಿತ್ತು. ಎರಡೇ ಸೀಟಿನ ಪುಟ್ಟ ವಿಮಾನವಂತೆ. ಆದರೆ ಮಗಳು ಅಲ್ಲಿ ಕಲಿತರೆ ತಾಯಿ ಇಲ್ಲಿ ಸ್ಕೂಟರನ್ನು ಯಾಕೆ ಹಾರಿಸಬೇಕು? ಕೇಳಿದ್ದೇ ತಪ್ಪಾಯಿತು! ಅತ್ತೆ ನಮ್ಮ ಊಟದ ಮೇಜನ್ನು ರನ್‌ವೇ ಮಾಡಿ, ದೋಸೆ ಸಟ್ಟುಗವನ್ನು ವಿಮಾನ ಮಾಡಿ ಪಾಠಕ್ಕೆ ನಿಂತರು. ಗಾಳಿ ಪಕ್ಕದಿಂದ ಬೀಸಿದರೆ ಮೂತಿಯನ್ನು ಗಾಳಿಯ ಕಡೆಗೆ ತಿರುಗಿಸಿಕೊಂಡೇ ಬರಬೇಕಂತೆ. ನೆಲ ಮುಟ್ಟುವ ಹೊತ್ತಿಗೆ ನೇರ ಮಾಡಬೇಕಂತೆ. ಗಾಳಿ ಬರುವ ಕಡೆಯ ಚಕ್ರ ಮೊದಲು ನೆಲಕ್ಕೆ ತಾಗಬೇಕಂತೆ.

“ಅಂದ್ರೆ ವಿಮಾನ ಸೊಟ್ಟಗೆ ಬರೋದಾ?”

“ಮೂತಿ ಸೊಟ್ಟ, ದಾರಿ ನೆಟ್ಟಗೆ.”

“ನಮ್ಮನೆಯವರದ್ದು ಉಲ್ಟಾ” ಎಂದಳು ಹೆಂಡತಿ, ಒಲೆ ಒರೆಸುತ್ತಾ.

“ಗಾಳಿ ಒಂದೇ ಸಮ ಇರಲ್ಲ. ಸುಮ್ನಿದ್ದಂಗಿದ್ದು ಒಮ್ಮೆಲೇ ಹೊಡೀತದೆ. ಸರಿ ಹೋಗ್ಲಿಲ್ಲ ಅನ್ಸಿದ್ರೆ ಹಠ ಮಾಡಿ ಇಳಿಸ್ಬಾರ್ದು. ಮೇಲೆ ಹೋಗಿ, ಒಂದ್ಸುತ್ತು ಹೊಡ್ದು, ಮತ್ತೆ ಬರ್ಬೇಕು. ಅದೇ ಗೋ-ಅರೌಂಡ್!” ಸಟ್ಟುಗ ನನ್ನ ಮೂಗನ್ನು ಸವರಿಕೊಂಡು ಮೇಲಕ್ಕೆ ಹಾರಿತು.

ವಿಮಾನದ ವಿಷಯ ಅರ್ಥವಾಯಿತು ಎಂದೇ ಇಟ್ಟುಕೊಳ್ಳಿ. ಸ್ಕೂಟರಿನದು? ಊಹೂಂ!

ಮುಂದಿನ ವಾರ ತೀರ್ಥಹಳ್ಳಿಯಲ್ಲಿ ನೆಂಟರ ಮದುವೆ. ಉಡುಗೊರೆ ಕೊಡುವವರ ಸಾಲಿನಲ್ಲಿ ಅತ್ತೆ ನಿಂತರು. ಮೆಟ್ಟಿಲು ಹತ್ತಿದರು. ವಧೂವರರು ಕೈ ಜೋಡಿಸಿದರು, ಫೋಟೋದವನು ಕ್ಯಾಮೆರಾ ಎತ್ತಿದ. ಅತ್ತೆ ಸರಕ್ಕನೆ ತಿರುಗಿ, ಉಡುಗೊರೆ ಸಮೇತ ಇಳಿದು ಹೋಗಿ ಸಾಲಿನ ಕೊನೆಗೆ ನಿಂತರು! ಹೀಗೆ ಎರಡು ಬಾರಿ. ಸಭೆಯೆಲ್ಲಾ ಊಟದ ಯೋಚನೆ ಬಿಟ್ಟು ಇವರನ್ನೇ ನೋಡಿತು. ವರನ ತಾಯಿ ಮುಖ ಊದಿಸಿಕೊಂಡರು. ನಾನು ಕಂಬದ ಹಿಂದೆ ಸರಿದೆ.

“ಕಲ್ಯಾಣ ಮಂಟಪದೊಳಗೆ ಎಂತಾ ಗಾಳಿ ಅತ್ತೆ?” ಎಂದು ಆಮೇಲೆ ಹಲ್ಲು ಕಚ್ಚಿ ಕೇಳಿದೆ.

“ಫ್ಯಾನ್ ಇತ್ತಲ್ಲೋ!”

ಅಪ್ಪ ಇನ್ನು ತಡೆಯಲಿಲ್ಲ. “ಅವಳಿಗೆ ಎಂತದೋ ಆಗಿದೆ. ಶಿವಮೊಗ್ಗಕ್ಕೆ ಕರ್ಕಂಡು ಹೋಗಿ ಡಾಕ್ಟ್ರಿಗೆ ತೋರಿಸ್ಕಂಡು ಬಾ” ಎಂದು ನನ್ನನ್ನೇ ಅಟ್ಟಿದರು. ಭಾನುವಾರ ಬೆಳಿಗ್ಗೆ ಹೊಸನಗರಕ್ಕೆ ಹೋದರೆ, ಅತ್ತೆಯ ತಾರಸಿಯ ಮೇಲೆ ಒಂದು ಬಿದಿರು ಗಳ. ಅದರ ತುದಿಗೆ ಹಳೆ ನೈಟಿಯ ತೋಳು, ರನ್‌ವೇ ಪಕ್ಕ ಗಾಳಿಯ ದಿಕ್ಕು ನೋಡಲು ಕಟ್ಟುವ ಚೀಲದ ಹಾಗೆ, ಗಾಳಿ ತುಂಬಿಕೊಂಡು ಆಡುತ್ತಿತ್ತು. ಡಾಕ್ಟರಿಗೆ ಹೇಳಲು ಇದೊಂದು ಬಾಕಿ ಇತ್ತು ಎಂದುಕೊಂಡೆ. ಅತ್ತೆ ಮೆಟ್ಟಿಲ ಮೇಲೆ ಕೂತು ಫೋನಿಗೆ ಮಾತು ರೆಕಾರ್ಡ್ ಮಾಡುತ್ತಿದ್ದರು.

“ಪುಟ್ಟೀ, ನಿನ್ನೆ ಬಸ್‌ಸ್ಟ್ಯಾಂಡ್ ಎದುರಿಗೇ ಎರಡು ಸುತ್ತು ಹೊಡ್ದೆ. ಆಟೋದವ್ರೆಲ್ಲ ನಕ್ಕಿದ್ದೇ ನಕ್ಕಿದ್ದು. ನಂಗೆಂತಾ ಆಯ್ತು? ಎಂತೂ ಆಗ್ಲಿಲ್ಲ. ಮನೆಗೆ ಬಂದೆ, ಉಂಡೆ, ಮಲಗ್ದೆ. ಇವತ್ತು ಗಾಳಿ ಎದ್ರೆ ನೀನೂ ಹಂಗೇ ಮಾಡು.”

ಮಾತು ಕಳಿಸಿ ತಿರುಗಿದವರು ನನ್ನನ್ನು ಕಂಡರು. ನನ್ನ ಮುಖ ಹೇಗಿತ್ತೋ, ಕೇಳದೆಯೇ ಹೇಳಿದರು. ಹೋದ ತಿಂಗಳು ಮಗಳು ಒಬ್ಬಳೇ ಹಾರುವಾಗ ಗಾಳಿ ಎದ್ದಿತ್ತಂತೆ. ಒಮ್ಮೆ ಇಳಿಯಲಾಗದೆ ಮೇಲೆ ಹೋಗಿದ್ದಳು. ಎರಡನೆಯ ಸಲವೂ ಸರಿಹೋಗಲಿಲ್ಲ. ಜೊತೆಯವರೆಲ್ಲ ಕೆಳಗೆ ನಿಂತು ನೋಡುತ್ತಿದ್ದರು. ಮತ್ತೆ ಮೇಲೆ ಹೋದರೆ ನಗುತ್ತಾರೆ ಎಂದು ಹಠ ಮಾಡಿ ಇಳಿಸಿಬಿಟ್ಟಳು. ವಿಮಾನ ಪುಟಿದು, ರನ್‌ವೇ ಬಿಟ್ಟು ಹುಲ್ಲಿಗೆ ನುಗ್ಗಿ, ಒಂದು ಪಕ್ಕಕ್ಕೆ ವಾಲಿ ನಿಂತಿತಂತೆ. ಅವಳಿಗೆ ಗಾಯವಾಗಲಿಲ್ಲ ಎನ್ನುವುದೇ ದೊಡ್ಡದು.

“ನಗ್ತಾರೆ ಅಂತ ಜೀವ ಕಳ್ಕೊಳ್ಳೋದಾ ಮಾರಾಯ? ಬಾಯಲ್ಲಿ ಹೇಳಿದ್ರೆ ‘ನಿಂಗೇನ್ ಗೊತ್ತಮ್ಮಾ’ ಅಂತಾಳೆ. ಅದ್ಕೇ ಮಾಡಿ ತೋರಿಸ್ತಿದೀನಿ. ನಂಗೂ ನಾಚ್ಕೆ ಆಗ್ತದೆ ಕಣೋ. ಆ ಮದುವೇಲಿ ಭೂಮಿ ಬಾಯಿ ಬಿಡಬಾರ್ದಾ ಅನ್ನಿಸ್ತು.”

ಅದಾದ ಮೇಲೆ ಮಗಳು ಒಬ್ಬಳೇ ಹಾರುವುದು ಅಂದೇ ಮೊದಲು. ಶಿವಮೊಗ್ಗದ ಮಾತನ್ನು ನುಂಗಿಕೊಂಡು ನಾನೂ ಮೆಟ್ಟಿಲ ಮೇಲೆ ಕೂತೆ. ಅತ್ತೆಯ ಕಣ್ಣು ನೈಟಿಯ ತೋಳಿನ ಮೇಲೇ ಇತ್ತು.

“ಅಲ್ಲತ್ತೆ, ಇಲ್ಲಿನ ಗಾಳಿಗೂ ಅಲ್ಲಿನ ಗಾಳಿಗೂ ಎಂತಾ ಸಂಬಂಧ?”

“ಎಂತದೂ ಇಲ್ಲ. ನೋಡ್ಕಂಡು ಕೂರೋಕೆ ಏನಾದ್ರೂ ಬೇಕಲ್ಲ.”

ಫೋನ್ ಬರುವ ಹೊತ್ತಿಗೆ ಬಿಸಿಲು ಮೆಟ್ಟಿಲಿಗೆ ಬಂದಿತ್ತು. ಅತ್ತೆ ಸ್ಪೀಕರ್ ಹಾಕಿದರು.

“ಅಮ್ಮಾ, ಹೋಗುವಾಗ ಏನೂ ಇರ್ಲಿಲ್ಲ. ಇಳಿಯೋ ಹೊತ್ತಿಗೆ ಸಿಕ್ಕಾಪಟ್ಟೆ ಗಾಳಿ. ಎರಡ್ಸಲ ವಾಪಸ್ ಮೇಲೆ ಹೋದೆ. ಆಮೇಲೆ ಇಳಿದೆ. ಸರಿಯಾಗಿ ಇಳಿದೆ ಅಮ್ಮಾ.”

“ನಕ್ರಾ?”

“ಹೂಂ, ನಕ್ರು.”

“ನಗ್ಲಿ ಬಿಡು. ಹೋಗಿ ತಿಂಡಿ ತಿನ್ನು.”

ಧ್ವನಿ ಗಟ್ಟಿಯಾಗಿಯೇ ಇತ್ತು. ಫೋನ್ ಇಟ್ಟ ಮೇಲೆ ಎದ್ದು ಒಳಗೆ ಹೋಗುತ್ತಾರೆ ಎಂದುಕೊಂಡೆ. ಏಳಲಿಲ್ಲ. ಸೆರಗಿನಲ್ಲಿ ಎಷ್ಟು ಒರೆಸಿಕೊಂಡರೂ ಕಣ್ಣೀರು ನಿಲ್ಲಲಿಲ್ಲ.

“ಒಂಚೂರು ಕೈ ಹಿಡ್ಕಳೋ,” ಎಂದರು ಅತ್ತೆ. “ಏಳೋಕಾಗ್ತಿಲ್ಲ.”