ಎಡಗಡೆಯ ಅಪೆಂಡಿಕ್ಸು

ಬಿಟಿಎಂ ಎರಡನೇ ಹಂತದ ಆ ಮನೆಯ ಮೆಟ್ಟಿಲು, ಕೆಳಗಿನ ಮನೆಯ ಮಾರಮ್ಮನವರ ಮಂಚದ ಪಕ್ಕದ ಕಿಟಕಿಗೆ ಅಂಟಿಕೊಂಡೇ ಮೇಲೇರುತ್ತಿತ್ತು. ಮೇಲೆ ಬಾಡಿಗೆಗಿದ್ದ ಬಸವಂತ ನಾಲ್ಕು ದಿನದಿಂದ ಚಪ್ಪಲಿ ಕೈಯಲ್ಲಿ ಹಿಡಿದು, ಸೊಂಟ ಬಗ್ಗಿಸಿಕೊಂಡು, ಬೆಕ್ಕಿನ ಹಾಗೆ ಆ ಕಿಟಕಿ ದಾಟುತ್ತಿದ್ದ. ಅವನು ಕದ್ದವನಲ್ಲ, ಯಾರೊಡನೆಯೂ ಜಗಳ ಕಾದವನಲ್ಲ. ಅವನು ಮಾಡಿದ ಅಪರಾಧ ಇಷ್ಟೆ: ಮನುಷ್ಯನ ದೇಹ ಹೇಗೆ ಕೆಲಸ ಮಾಡುತ್ತದೆ ಎಂದು ಮಾರಮ್ಮನವರಿಗೆ ವಿವರಿಸಿದ್ದ.

ಗದಗಿನ ಕಡೆಯಿಂದ ಬಂದ ಬಸವಂತ ಓದಿದ್ದು ಬಿ.ಕಾಂ. ಶಾಲೆಗಳಿಗೆ ವಿಜ್ಞಾನದ ಚಾರ್ಟು, ಮಾದರಿ, ಗಾಜಿನ ಸಾಮಾನು ಮಾರುವ ಒಂದು ಸಣ್ಣ ಕಂಪನಿಯಲ್ಲಿ ಎರಡು ವರ್ಷ ಗೋಡೌನಿನಲ್ಲಿ ಗಾಜು ಒಡೆಯದಂತೆ ಡಬ್ಬಕ್ಕೆ ಹುಲ್ಲು ತುಂಬುತ್ತಿದ್ದ. ತೊಂಬತ್ತೇಳರಲ್ಲಿ ಇದ್ದೊಬ್ಬ ಸೇಲ್ಸ್‌ಮನ್ ಕೆಲಸ ಬಿಟ್ಟುಹೋದದ್ದೇ ತಡ, ಇವನ ಭಾಗ್ಯದ ಬಾಗಿಲು ತೆರೆಯಿತು. ಮಾಲೀಕರು ಇವನ ಕೈಗೆ ಒಂದು ಬಿಳಿ ಕೋಟು, ಒಂದು ಬೆತ್ತ, ಹನ್ನೊಂದು ನಿಮಿಷದ ಒಂದು ಭಾಷಣ, ಮತ್ತು ತಲೆಯಿಂದ ಸೊಂಟದವರೆಗಿನ ಒಬ್ಬ ಫೈಬರ್ ಮನುಷ್ಯನನ್ನು ಕೊಟ್ಟು, "ಇನ್ನು ಮೇಲೆ ಸ್ಕೂಲು ಸ್ಕೂಲಿಗೆ ಹೋಗಿ ಇದನ್ನ ಬಿಚ್ಚಿ ತೋರಿಸ್ಬೇಕು ಕಣ್ರೀ" ಅಂದರು. ಆ ಮನುಷ್ಯನ ಎದೆ ಹೊಟ್ಟೆ ತೆರೆದು ಹೃದಯ, ಶ್ವಾಸಕೋಶ, ಕರುಳು ಎಲ್ಲವನ್ನೂ ಒಂದೊಂದಾಗಿ ಹೊರಗೆ ತೆಗೆಯಬಹುದಿತ್ತು. ಬೆಡ್‌ಶೀಟ್ ಹೊದಿಸಿ ಬಸ್ಸಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ತಂದಾಗ ಕಂಡಕ್ಟರ್ ಹೊದಿಕೆ ಎತ್ತಿ ನೋಡಿ, "ಇವ್ರಿಗೆ ಅರ್ಧ ಟಿಕೆಟ್ ತಗೊಳ್ಳಿ ಸಾರ್, ಅರ್ಧಾನೇ ಇದಾರೆ" ಅಂದಿದ್ದ.

ಮನೆಗೆ ಬಂದ ಅತಿಥಿಯನ್ನು ಕಂಡು ಹೆಂಡತಿ ಮಧುಮತಿ ಬಾಗಿಲಲ್ಲೇ ನಿಂತಳು.

"ಏನ್ರೀ ಇದು?"

"ಮುಂಡ!" ಅಂದ ಬಸವಂತ, ಹೊಸದಾಗಿ ಕಲಿತ ಗ್ರಾಂಥಿಕ ಶಬ್ದವನ್ನು ಗತ್ತಿನಿಂದ ಉಚ್ಚರಿಸಿ.

"ನಾ ಏನ ಅಂದೇನಂತ ಹಿಂಗ ಬೈತೀರಿ? ಕೇಳಿದ್ದಕ್ಕ ಸಿಟ್ಟ್ಯಾಕ?"

ಅದು ಬೈಗುಳವಲ್ಲ, ಕೈಕಾಲಿಲ್ಲದ ದೇಹಕ್ಕೆ ಪುಸ್ತಕದ ಹೆಸರು ಎಂದು ಅವಳಿಗೆ ತಿಳಿಸಿ ಹೇಳುವಷ್ಟರಲ್ಲಿ ಮಾಡಿದ ಚಹಾ ಆರಿತ್ತು. ಆದರೂ ಅವಳು ಒಳ್ಳೆಯವಳು. ರೊಟ್ಟಿ ಬಡಿಯುತ್ತಲೇ ಗಂಡನ ಭಾಷಣ ಒಪ್ಪಿಸಿಕೊಂಡಳು. ರಕ್ತಪರಿಚಲನಾ ವ್ಯೂಹ, ಜೀರ್ಣಾಂಗ ವ್ಯೂಹ, ಶ್ವಾಸಾಂಗ ವ್ಯೂಹ, ನರವ್ಯೂಹ, ವಿಸರ್ಜನಾಂಗ ವ್ಯೂಹ. (ಇಷ್ಟೊಂದು ವ್ಯೂಹಗಳಿಗೆ ಒಮ್ಮೆಗೇ ನುಗ್ಗಿದವನು ಹೊರಗೆ ಬರುವ ದಾರಿಯನ್ನೂ ಕೇಳಿಕೊಳ್ಳಬೇಕಿತ್ತು.) ಹದಿನೈದೇ ದಿನದಲ್ಲಿ ಬಸವಂತ ಜಯನಗರದಿಂದ ಅರೆಕೆರೆಯವರೆಗಿನ ಶಾಲೆಗಳಲ್ಲಿ, ಹೃದಯ ದಿನಕ್ಕೆ ಲಕ್ಷ ಸಲ ಬಡಿಯುತ್ತದೆ, ಭಾನುವಾರವೂ ರಜೆಯಿಲ್ಲ ಎಂದು ಮಕ್ಕಳನ್ನು ಬೆರಗಾಗಿಸತೊಡಗಿದ.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಒಂದು ಸಂಜೆ ಬಿಳಿ ಕೋಟು ಕಳಚದೆ ಬೀದಿಗೆ ಬಂದವನನ್ನು ಎದುರು ಮನೆಯ ಲಕ್ಷ್ಮಿದೇವಮ್ಮ ಗೇಟಿನಲ್ಲಿ ತಡೆದರು. "ಡಾಕ್ಟ್ರೇ, ಊಟ ಆದ್ಮೇಲೆ ಎದೆ ಉರೀತದೆ, ಏನ್ಮಾಡ್ಲಿ?"

ನಾನು ಡಾಕ್ಟರ್ ಅಲ್ಲ ಎನ್ನಲೆಂದೇ ಬಸವಂತ ಬಾಯಿ ತೆರೆದ. ಆ ಬಾಯಿಯಿಂದ ಅದೇನಾಯಿತೋ, "ಅದು ಆಸಿಡ್ ಅಮ್ಮಾ. ಜಠರದಲ್ಲಿರಬೇಕಾದ್ದು ಅನ್ನನಾಳಕ್ಕೆ ಬರ್ತಿದೆ. ಉಂಡ ತಕ್ಷಣ ಮಲಗಬೇಡಿ" ಎಂಬ ಮಾತು ಬಂತು. ಲಕ್ಷ್ಮಿದೇವಮ್ಮ ಮಲಗಲಿಲ್ಲ, ಎದೆಯೂ ಉರಿಯಲಿಲ್ಲ. ವಾರದೊಳಗೆ ಬಸವಂತ ಇಡೀ ಕ್ರಾಸಿಗೆ 'ಡಾಕ್ಟ್ರಪ್ಪ' ಆಗಿಬಿಟ್ಟ.

ಸಂಜೆ ಕೆಳಗಿನ ಮನೆಯ ಜಗಲಿಯಲ್ಲಿ ಅವನ ದರ್ಬಾರು ನಡೆಯುತ್ತಿತ್ತು. ಮನೆಯೊಡೆಯ ಸಂಜೀವಯ್ಯ ಲಾಲ್‌ಬಾಗಿನಲ್ಲಿ ಮೂವತ್ತು ವರ್ಷ ಮಾಲಿಯಾಗಿದ್ದು ನಿವೃತ್ತರಾದವರು, ಎದುರಿಗಿದ್ದವರು ಹೇಳಿದ್ದನ್ನು ಗಿಡಕ್ಕೆ ನೀರು ಹಾಕಿದಷ್ಟು ತಾಳ್ಮೆಯಿಂದ ಕೇಳುವವರು.

"ಕಿಡ್ನಿ ದಿನಕ್ಕೆ ನೂರೆಂಬತ್ತು ಲೀಟರ್ ಸೋಸತ್ತೆ ಸಾರ್. ಅದರಲ್ಲಿ ಒಂದೂವರೆ ಲೀಟರ್ ಮಾತ್ರ ಹೊರಗೆ, ಮಿಕ್ಕಿದ್ದೆಲ್ಲ ವಾಪಸ್ ರಕ್ತಕ್ಕೆ."

"ನೂರೆಂಬತ್ತು! ನಮ್ಮನೆಗೆ ಕಾವೇರಿ ನೀರೇ ಅಷ್ಟು ಬರಲ್ವಲ್ಲಪ್ಪಾ!"

ಮಾರಮ್ಮನವರು ಹುರುಳಿಕಾಳು ಆರಿಸುತ್ತ ನಗುತ್ತಿದ್ದರು. ಸಣ್ಣ ಕರುಳು ಇಪ್ಪತ್ತು ಅಡಿ ಉದ್ದ ಎಂದಾಗಲಂತೂ, "ನಮ್ ಸೈಟೇ ಮೂವತ್ತಡಿ. ಇಷ್ಟುದ್ದದ್ದು ಒಳಗೆ ಹೆಂಗೆ ಮಡಚಿಟ್ಟವ್ನೋ ದೇವ್ರು" ಅಂದು ಕೆನ್ನೆ ಬಡಿದುಕೊಂಡರು. ಬಸವಂತನ ಎದೆ ಉಬ್ಬುತ್ತಿತ್ತು. ಊರಲ್ಲಿ ಅವನ ಮಾತನ್ನು ಅವನ ಎಮ್ಮೆ ಕೂಡ ಕೇಳುತ್ತಿರಲಿಲ್ಲ.

ಹೀಗಿರುವಾಗ ಒಂದು ಶನಿವಾರ ಬೆಳಿಗ್ಗೆ ಮಾರಮ್ಮನವರು ಮೆಟ್ಟಿಲ ಬುಡದಲ್ಲಿ ಹೊಟ್ಟೆ ಹಿಡಿದು ಕೂತಿದ್ದರು. ಮುಖ ಬಾಡಿತ್ತು.

"ರಾತ್ರಿ ಹೊಕ್ಕಳ ಹತ್ರ ಇತ್ತು ಡಾಕ್ಟ್ರಪ್ಪಾ. ಈಗ ಇಲ್ಲಿಗೆ ಇಳಿದೈತೆ" ಎಂದು ಬಲಗಡೆ ಕೆಳಹೊಟ್ಟೆ ಮುಟ್ಟಿ ತೋರಿಸಿದರು. "ಏನೂ ಸೇರ್ತಿಲ್ಲ. ಕಾಫಿ ಕುಡಿದ್ರೂ ವಾಂತಿ."

"ಅಪೆಂಡಿಕ್ಸ್ ಇರಬೋದಾ?" ಎಂದರು ಸಂಜೀವಯ್ಯ ಗಾಬರಿಯಿಂದ. "ನಮ್ಮ ಅಣ್ಣನ ಮಗನಿಗೆ ಹಿಂಗೇ ಬಂದಿತ್ತು. ಆಸ್ಪತ್ರೆಗೆ ಹೋಗೋಣ ಅಂದ್ರೆ ಇವಳು ಕೇಳ್ತಿಲ್ಲ."

ಬಸವಂತ ಗಂಭೀರವಾಗಿ ಮೇಲೆ ಹೋದ. ಬಿಳಿ ಕೋಟು ಹಾಕಿಕೊಂಡ. ಮುಂಡವನ್ನು ಹೊತ್ತು ತಂದು ಜಗಲಿಯ ಮೇಲೆ ಕೂರಿಸಿ, ಅದರ ಎದುರು ನಿಂತು, ಕರುಳಿನ ಮೇಲೆ ಬೆತ್ತ ಆಡಿಸಿದ. ದೊಡ್ಡ ಕರುಳು ಶುರುವಾಗುವ ಕಡೆ, ಅವನ ಎಡಗೈ ಪಕ್ಕಕ್ಕೆ, ಹುಳದಂಥ ಸಣ್ಣದೊಂದು ಬಾಲ ಜೋತುಬಿದ್ದಿತ್ತು.

"ನೋಡಿ ಸಾರ್, ಇದೇ ಅಪೆಂಡಿಕ್ಸು. ಯಾವ ಕಡೆ ಇದೆ? ಎಡಗಡೆ! ಅಮ್ಮಂಗೆ ನೋವು ಯಾವ ಕಡೆ? ಬಲಗಡೆ! ಹಂಗಾಗಿ ಅಪೆಂಡಿಕ್ಸ್ ಆಗೋಕೆ ಸಾಧ್ಯಾನೇ ಇಲ್ಲ. ಇದು ಬರೀ ಗ್ಯಾಸು. ಓಮದ ಕಷಾಯ ಕುಡೀರಿ, ಇಳಿದು ಹೋಗತ್ತೆ."

ಮಾರಮ್ಮನವರ ಮುಖದಲ್ಲಿ ಆ ನೋವಿನಲ್ಲೂ ಕಳೆ ಬಂತು. "ಕೇಳುದ್ರಾ? ಗ್ಯಾಸಂತೆ!" ಎಂದು ಗಂಡನ ಕಡೆ ತಿರುಗಿದರು. ಮೆಟ್ಟಿಲ ಮೇಲಿದ್ದ ಮಧುಮತಿ ಇಳಿದುಬಂದು ಅವರ ಹಣೆ ಮುಟ್ಟಿ, ಗಂಡನನ್ನು ಪಕ್ಕಕ್ಕೆ ಕರೆದಳು.

"ಮೈ ಕಾದೈತ್ರೀ. ಗ್ಯಾಸಿಗೆ ಜ್ವರ ಬರತಾವೇನು? ಸುಮ್ನ ದವಾಖಾನಿಗೆ ಕರ್ಕೊಂಡ ಹೋಗೂಣು."

"ನಿನಗೇನ ತಿಳೀತೈತಿ? ನೀ ಆರ್ಟ್ಸ್ ಓದಿದಾಕಿ."

"ನೀವು ಓದಿದ್ದು ಕಾಮರ್ಸ್ ಅಲ್ಲೇನ್ರೀ?"

ಬಸವಂತ ಮುಂಡವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮೇಲೆ ನಡೆದ.

ಕಷಾಯ ಕುಡಿದದ್ದೂ ಆಯಿತು, ಕುಡಿದದ್ದು ಹೊರಗೆ ಬಂದದ್ದೂ ಆಯಿತು. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಮಾರಮ್ಮನವರಿಗೆ ನೆಟ್ಟಗೆ ನಿಲ್ಲಲಾಗಲಿಲ್ಲ. ಕಾಲು ಮಡಿಸಿಕೊಂಡು ನರಳುತ್ತಿದ್ದರು. ಮಧುಮತಿ ಗಂಡನ ಅಭಿಪ್ರಾಯ ಕೇಳಲಿಲ್ಲ. ಸೆರಗು ಸಿಕ್ಕಿಸಿಕೊಂಡು ಮೇನ್ ರೋಡಿಗೆ ಓಡಿ ಆಟೋ ತಂದಳು. ಅವಳೂ ಸಂಜೀವಯ್ಯನವರೂ ನಡುವೆ ಮಾರಮ್ಮನವರನ್ನು ಕೂರಿಸಿಕೊಂಡು ಜಯನಗರದ ಒಂದು ನರ್ಸಿಂಗ್ ಹೋಮಿಗೆ ಹೊರಟರು. ಆಟೋದಲ್ಲಿ ಜಾಗವಿರಲಿಲ್ಲ. ಬಸವಂತ ಡ್ರೈವರ್ ಪಕ್ಕದಲ್ಲಿ ಅರ್ಧ ಕುಂಡೆಯೂರಿ, ರಸ್ತೆಯ ಪ್ರತಿ ಉಬ್ಬಿಗೂ ಹಿಂದಿನಿಂದ ಬರುವ ನರಳಾಟವನ್ನು ಕೇಳುತ್ತ ಹೋದ. ಗ್ಯಾಸೇ ಆಗಿರಲಿ ದೇವರೇ ಎಂದು ಬೇಡಿಕೊಂಡ. ಅದು ಮಾರಮ್ಮನವರಿಗಾಗಿ ಎಷ್ಟು, ತನ್ನ ಮಾನಕ್ಕಾಗಿ ಎಷ್ಟು ಎಂಬುದು ಅವನಿಗೂ ಸರಿಯಾಗಿ ತಿಳಿಯಲಿಲ್ಲ. ಅದನ್ನು ನೆನೆದಾಗ ಇನ್ನಷ್ಟು ನಾಚಿಕೆಯಾಯಿತು.

ಸರ್ಜನ್ ಡಾಕ್ಟರ್ ಜಯಶೀಲಾ ಹೊಟ್ಟೆ ಒತ್ತಿ ನೋಡಿದವರೇ ನರ್ಸಿಗೆ ಥಿಯೇಟರ್ ರೆಡಿ ಮಾಡಲು ಹೇಳಿದರು. ಒಂದೂವರೆ ಗಂಟೆಯ ನಂತರ ಹೊರಗೆ ಬಂದು ಮುಖದ ಬಟ್ಟೆ ಬಿಚ್ಚಿದರು.

"ಅಪೆಂಡಿಕ್ಸ್. ಪರವಾಗಿಲ್ಲ, ತೆಗೆದಿದ್ದೀವಿ, ಪ್ರಾಣಕ್ಕೇನೂ ಭಯ ಇಲ್ಲ. ಇನ್ನರ್ಧ ದಿನ ಬಿಟ್ಟಿದ್ರೆ ಒಳಗೇ ಒಡೆದು ಹೋಗಿರೋದು. ನಿನ್ನೆ ಬೆಳಿಗ್ಗೆಯಿಂದ ನೋವಿದ್ರೆ ನಿನ್ನೇನೇ ಯಾಕೆ ಕರ್ಕೊಂಡು ಬರ್ಲಿಲ್ಲ?"

"ಅಪೆಂಡಿಕ್ಸ್ ಎಡಗಡೆ ಇರತ್ತೆ ಅಂತ ಹೇಳುದ್ರು ಮೇಡಂ" ಅಂದರು ಸಂಜೀವಯ್ಯ.

"ಯಾರು ಹೇಳಿದ್ದು?"

ಸಂಜೀವಯ್ಯ ದೊಡ್ಡ ಮನುಷ್ಯರು, ನೆಲ ನೋಡಿದರು. ಮಧುಮತಿ ಫ್ಯಾನು ನೋಡಿದಳು. ನೋಡಲು ಬೇರೇನೂ ಉಳಿಯದೆ ಬಸವಂತ ಡಾಕ್ಟರ ಮುಖವನ್ನೇ ನೋಡಬೇಕಾಯಿತು.

"ನಾನೇ ಮೇಡಂ."

"ನೀವು? ಏನು ಓದಿದ್ದೀರ?"

"ಬಿ.ಕಾಂ. ಆದ್ರೆ ಮಾದರಿ ನೋಡೇ ಹೇಳಿದ್ದು ಮೇಡಂ. ಸ್ಕೂಲಿಗೆ ತೋರಿಸ್ತೀನಿ ನಾನು. ಅದ್ರಲ್ಲಿ ಎಡಗಡೇನೇ ಇದೆ."

ಡಾಕ್ಟರ್ ಒಂದು ಕ್ಷಣ ಅವನನ್ನೇ ನೋಡಿದರು. ಆಮೇಲೆ ಮಕ್ಕಳಿಗೆ ಹೇಳುವಷ್ಟು ಮೆತ್ತಗೆ ಹೇಳಿದರು: "ಅಲ್ರೀ, ಆ ಮಾದರಿ ನಿಮ್ ಕಡೆ ಮುಖ ಮಾಡ್ಕೊಂಡು ನಿಂತಿರತ್ತೆ. ನಿಮ್ಮ ಎಡಗಡೆ ಅಂದ್ರೆ ಅದರ ಬಲಗಡೆ. ಇದನ್ನ ಯಾರೂ ನಿಮಗೆ ಹೇಳ್ಲಿಲ್ವಾ?"

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬಸವಂತನ ದೇಹದಲ್ಲಿ ಭಾಷಣದ ಅಷ್ಟೂ ವ್ಯೂಹಗಳು ಒಟ್ಟಿಗೆ ಕೆಲಸಕ್ಕೆ ಹತ್ತಿದವು. ಹೃದಯ ಲಕ್ಷದ ಲೆಕ್ಕವನ್ನು ಅಲ್ಲೇ ಮುಗಿಸುವಂತೆ ಬಡಿಯಿತು, ರಕ್ತವೆಲ್ಲ ಕಿವಿಗೇರಿತು, ಉಸಿರು ಗಂಟಲಲ್ಲಿ ಸಿಕ್ಕಿತು, ಮಿದುಳು ಓಡು ಎಂದರೂ ಕಾಲು ಕೇಳಲಿಲ್ಲ. ಕೊನೆಗೆ ವಿಸರ್ಜನಾಂಗ ವ್ಯೂಹದ ಒತ್ತಾಯಕ್ಕೆ ಮಣಿದು ಕಾರಿಡಾರಿನ ತುದಿಗೆ ನಡೆದ. ಹೃದಯ ಎಡಕ್ಕೆ ಎಂಬುದು ಲೋಕಕ್ಕೇ ಗೊತ್ತಿದ್ದರಿಂದ ಅದನ್ನು ಸರಿಯಾಗಿ ಹೇಳುತ್ತಿದ್ದ. ಮಿಕ್ಕವುಗಳ ಎಡಬಲವನ್ನು ಯಾವ ಶಾಲೆಯಲ್ಲೂ ಯಾವ ಮಗುವೂ ಕೇಳಿರಲಿಲ್ಲ. ಕೇಳಿದ್ದು ಮಾರಮ್ಮನವರೊಬ್ಬರೇ, ಅದೂ ತಮ್ಮ ಹೊಟ್ಟೆಯಿಂದ.

ಆರನೇ ದಿನಕ್ಕೆ ಅವರು ಮನೆಗೆ ಬಂದರು. ಬಸವಂತನ ಬೆಕ್ಕಿನ ನಡಿಗೆ ಶುರುವಾದದ್ದು ಅಂದಿನಿಂದ. ಮಧುಮತಿ ಮಾತ್ರ ದಿನವೂ ಗಂಜಿ ಮಾಡಿ ಕೆಳಗೆ ಕೊಟ್ಟುಬರುತ್ತಿದ್ದಳು. ನಾಲ್ಕನೇ ದಿನ ಗಂಡ ಚಪ್ಪಲಿ ಹಿಡಿದು ಒಳಗೆ ಬಂದದ್ದನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ.

"ಎಷ್ಟ ದಿನಾ ಹಿಂಗ ಕಳ್ಳರಗತೆ ಓಡಾಡ್ತೀರಿ? ಹೋಗಿ ಖರೇ ಹೇಳಿ ತಪ್ಪಾತಂತ ಅಂದ ಬರ್ರಿ. ಅವ್ರೇನ ನಿಮ್ಮನ್ನ ತಿನ್ನೂದಿಲ್ಲ, ಇನ್ನೂ ಗಂಜೀನ ಕುಡಿಯಾಕ್ಹತ್ಯಾರ."

ಬಸವಂತ ಕಾಲು ಡಜನ್ ಮೂಸಂಬಿ ಹಿಡಿದು ಕೆಳಗೆ ಹೋದ. ಮಾರಮ್ಮನವರು ದಿಂಬಿಗೊರಗಿ ಕೂತಿದ್ದರು. ಬಾ ಡಾಕ್ಟ್ರಪ್ಪಾ ಎಂದು ಬಾಯ್ತುಂಬ ಕರೆದರು. ಆ ಶಬ್ದ ಕಿವಿಗೆ ಬಿದ್ದದ್ದೇ ಅವನ ಕಣ್ಣಲ್ಲಿ ನೀರಾಡಿತು.

"ಅಮ್ಮಾ, ಹಂಗನ್ನಬೇಡಿ. ನಾನು ಡಾಕ್ಟರ್ ಅಲ್ಲ. ಕಾಂಪೌಂಡರೂ ಅಲ್ಲ. ಸ್ಕೂಲಿಗೆ ಗೊಂಬೆ ಮಾರೋನು. ಇಷ್ಟು ದಿನ ನಿಮಗೆಲ್ಲ ಸುಳ್ಳು ಹೇಳಿದೆ. ನನ್ನ ಮಾತು ಕೇಳಿ ನಿಮ್ಮ ಪ್ರಾಣಾನೇ..." ಮೂಸಂಬಿಯನ್ನು ಮಂಚದ ಮೇಲಿಟ್ಟ.

ಮಾರಮ್ಮನವರು ಗಂಡನ ಮುಖ ನೋಡಿದರು. ಸಂಜೀವಯ್ಯ ಮೂಸಂಬಿ ಸಿಪ್ಪೆ ಬಿಡಿಸುವುದರಲ್ಲಿ ತಲ್ಲೀನರಾದರು.

"ಗೊತ್ತಿತ್ತು ಕಣಪ್ಪಾ" ಅಂದರು ಮಾರಮ್ಮ.

"ಏನು ಗೊತ್ತಿತ್ತು?"

"ನೀನು ಗೊಂಬೆ ಮಾರೋದು. ಲಕ್ಷ್ಮಿದೇವಮ್ಮ ಡಾಕ್ಟ್ರು ಅಂತ ಹೇಳಿದ ಮಾರನೇ ದಿನಾನೇ ನಲ್ಲಿ ಹತ್ರ ನಿನ್ನ ಹೆಂಡ್ತೀನ ಕೇಳ್ದೆ. ಎಲ್ಲಾ ಹೇಳಿದ್ಳು, ಪಾಪ. ನಾನೇ ಬೀದಿಯವ್ರಿಗೂ ಹೇಳ್ದೆ."

"ಬೀದಿಯವರಿಗೂ?" ಬಸವಂತನ ದನಿ ಮೂಗಿನಲ್ಲಿ ಬಂತು. "ಮತ್ತೆ ದಿನಾ ಡಾಕ್ಟ್ರಪ್ಪ, ಡಾಕ್ಟ್ರಪ್ಪ ಅಂತ..."

"ಹಂಗಂದ್ರೆ ನಿನ್ ಮುಖ ಅರಳ್ತಿತ್ತು ಕಣಪ್ಪ. ಊರು ಬಿಟ್ಟು ಬಂದ ಮಕ್ಳು, ಖುಷಿಯಾಗಿರ್ಲಿ ಅಂತ ನಾವೂ ಸುಮ್ಕಿದ್ವಿ. ಕರುಳು ಇಪ್ಪತ್ತಡಿ ಅಂದಾಗಂತೂ ನಗು ತಡೆಯೋಕೆ ಎಷ್ಟು ಕಷ್ಟ ಬಿದ್ದಿದ್ದೀವಿ. ಅಷ್ಟುದ್ದ ಎಲ್ಲಾದ್ರೂ ಉಂಟಾ?"

ಅದು ನಿಜ ಅಮ್ಮಾ, ಅದೊಂದು ನಿಜ ಎಂದು ಕೂಗಬೇಕೆನಿಸಿತು ಬಸವಂತನಿಗೆ. ಆದರೆ ತನ್ನ ಮಾತನ್ನು ಈಗ ಯಾರು ನಂಬಬೇಕು? ಮಂಚದ ಕಾಲು ಹಿಡಿದುಕೊಂಡು ಕೇಳಿದ: "ಗೊತ್ತಿದ್ದೂ ಅವತ್ತು ನನ್ನ ಮಾತು ಯಾಕೆ ಕೇಳಿದ್ರಿ ಅಮ್ಮಾ?"

ಮಾರಮ್ಮನವರು ಹೊಲಿಗೆ ಹಾಕಿದ ಜಾಗವನ್ನು ಸೆರಗಿನ ಮೇಲಿಂದ ಮೆಲ್ಲಗೆ ಸವರಿಕೊಂಡರು. ಅವರ ಮುಖದಲ್ಲೂ ಒಂದಿಷ್ಟು ನಾಚಿಕೆಯಿತ್ತು.

"ನಿಜವಾದ ಡಾಕ್ಟ್ರ ಹತ್ರ ಹೋದ್ರೆ ಕುಯ್ತಾರೆ ಅಂತ ಹೆದರಿಕೆ ಕಣಪ್ಪಾ. ನೀನು ಗ್ಯಾಸು ಅಂತೀಯ ಅಂತ ನಂಗೆ ಮೊದ್ಲೇ ಗೊತ್ತಿತ್ತು. ಅದಕ್ಕೇ ಮೆಟ್ಟಿಲ ಹತ್ರ ಬಂದು ಕೂತಿದ್ದೆ." ಸಮಾಧಾನ ಹೇಳುವವರಂತೆ ಅವನ ತೋಳು ತಟ್ಟಿದರು. "ಬೇಜಾರು ಮಾಡ್ಕೋಬೇಡ. ನೀನು ಬಂದಾಗಿಂದ ನಿನ್ ಮಾತು ನಾವು ನಂಬಿದ್ದು ಅದೊಂದೇ ಸಲ."