ಸಾಬೂನು, ಕ್ರೀಮು ಮತ್ತು ಮಾವನವರ ಶ್ರಾವಣ

ಗಡ್ಡ ಕೆರೆಯುವುದನ್ನು ಕಲೆ ಎಂದು ಕರೆಯುವವರ ಬಗ್ಗೆ ನನಗೆ ಮೊದಲಿನಿಂದಲೂ ತಿರಸ್ಕಾರ. ಕುರಿಯ ಉಣ್ಣೆ ಕತ್ತರಿಸುವವನು ಕೆಲಸ ಮುಗಿದ ಮೇಲೆ ಕುರಿಯ ಮುಂದೆ ಕನ್ನಡಿ ಹಿಡಿದು ‘ಹೆಂಗದ?’ ಎಂದು ಕೇಳುವುದಿಲ್ಲ. ಮನುಷ್ಯನಿಗೆ ಮಾತ್ರ ಈ ರೋಗ. ಆಗಿನ ರೇಡಿಯೋ ಜಾಹೀರಾತುಗಳಲ್ಲಂತೂ ಒಬ್ಬ ಗಂಡಸು ಕೆನ್ನೆಗೆ ನೊರೆ ಹಚ್ಚಿಕೊಂಡ ಕೂಡಲೇ ಹಿಂದಿನಿಂದ ಒಬ್ಬ ಹೆಂಗಸು ನಗುತ್ತಿದ್ದಳು. ಯಾಕೆ ನಗುತ್ತಿದ್ದಳು ಎಂಬುದನ್ನು ಯಾರೂ ವಿಚಾರಿಸುತ್ತಿರಲಿಲ್ಲ. ನಮ್ಮಪ್ಪ ನಮ್ಮೂರು ಹಿರೋಳ್ಳಿಯಲ್ಲಿ ಬೇವಿನ ಗಿಡದ ಕೆಳಗೆ ಕುಕ್ಕರಗಾಲಿನಲ್ಲಿ ಕೂತು, ಬರೀ ನೀರು ಬಡಿಸಿಕೊಂಡು ದಾಡಿ ಮಾಡಿಸಿಕೊಳ್ಳುತ್ತಿದ್ದ. ಕಣ್ಣಲ್ಲಿ ನೀರು ಬಂದರೆ ಅದೂ ಗಡ್ಡ ನೆನೆಸಲಿಕ್ಕೇ ಆಗುತ್ತಿತ್ತು. ಬೇವಿನ ಗಿಡವೋ, ಹುಣಸೆಯೋ, ಈಗ ಖಾತ್ರಿಯಿಲ್ಲ. ತಂಗಿಯನ್ನು ಕೇಳಿದರೆ ಅಲ್ಲಿ ಗಿಡವೇ ಇರಲಿಲ್ಲ ಅನ್ನುತ್ತಾಳೆ. ವಿಶ್ವವಿದ್ಯಾಲಯ ನನಗೆ ಎಲ್ಲವನ್ನೂ ಸಂಶಯಿಸುವುದನ್ನು ಕಲಿಸಿತು. ನನ್ನ ನೆನಪನ್ನು ಸಂಶಯಿಸುವುದನ್ನು ಮನೆಯವರು ಕಲಿಸಿದರು.

ಇಷ್ಟೆಲ್ಲ ತಿರಸ್ಕಾರವಿದ್ದವನು ನೊರೆಯ ಹಿಂದೆ ಬಿದ್ದದ್ದು ಹೇಗೆ ಎಂದು ಕೇಳಿದರೆ ಅಫಜಲಪುರದ ಕಡೆ ಕೈ ತೋರಿಸಬೇಕು. ಅದು ನನ್ನ ಹೆಂಡತಿ ಗಿರಿಜೆಯ ತವರು. ಅಲ್ಲಿ ಮಾವನವರ ಹಿತ್ತಾಳೆ ಬಟ್ಟಲು, ಅದರೊಳಗೊಂದು ದುಂಡನೆಯ ಸಾಬೂನು. ಅವರು ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಓದಿ, ತಾಲೂಕು ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಮಾತು ಕಡಿಮೆ, ಮೀಸೆ ಜಾಸ್ತಿ. ನಾನು ಟ್ಯೂಬಿನ ಕ್ರೀಮಿನವನು. ಒಂದು ಬೆಳಿಗ್ಗೆ ನನ್ನ ಟ್ಯೂಬು ಹೆಚ್ಚು ಕಡಿಮೆ ಖಾಲಿಯಾಗಿತ್ತು. ಒತ್ತಿ, ಉರುಳಿಸಿ, ಕಡೆಗೆ ಹಲ್ಲಿನಿಂದ ಕಚ್ಚಿ ಹಿಂಡಿದರೂ ಬಟಾಣಿಯಷ್ಟೇ ಬಂತು. ಅದನ್ನು ಬ್ರಷ್ಷಿಗೆ ಹಚ್ಚಿ, ಆಚೀಚೆ ನೋಡಿ, ಮಾವನವರ ಬಟ್ಟಲಲ್ಲಿ ನಾಲ್ಕು ಸಲ ತಿರುವಿದೆ. ಬೆಂಕಿಯ ಮೇಲಿನ ಜೋಳದ ರೊಟ್ಟಿ ಉಬ್ಬಿದ ಹಾಗೆ ನೊರೆ ಎದ್ದಿತು ನೋಡಿ! ಬ್ರಷ್ಷು ಅದರಲ್ಲಿ ನೆಟ್ಟಗೆ ನಿಂತಿತು. ಬ್ಲೇಡು ಹಳೆಯದಾದರೂ ಬೆಣ್ಣೆಯ ಮೇಲೆ ಜಾರಿದ ಹಾಗೆ ಜಾರಿತು. ಕ್ರೀಮು ಮೊದಲೋ ಸಾಬೂನು ಮೊದಲೋ ಎಂಬುದನ್ನು ಮಾತ್ರ ಜೇವರ್ಗಿಗೆ ವಾಪಸು ಬರುವಷ್ಟರಲ್ಲಿ ಮರೆತಿದ್ದೆ. ಮೇಲೆ ಬರೆದ ಕ್ರಮವನ್ನೂ ನಂಬಬೇಡಿ.

ಜೇವರ್ಗಿಯ ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರದ ಲೆಕ್ಚರರ್. ಹೀಗಾಗಿ ನನ್ನ ಬಚ್ಚಲು ಪ್ರಯೋಗಶಾಲೆಯಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಅಂಥದೇ ಸಾಬೂನು ತಂದೆ, ಅದೇ ಕ್ರೀಮು ತಂದೆ, ಕೂಡಿಸಿದೆ. ಕೆಲವೊಮ್ಮೆ ಅರೆಬರೆ ನೊರೆ, ಕೆಲವೊಮ್ಮೆ ಬರೀ ಅಂಟು. ಅನುಪಾತ ತಪ್ಪಿರಬೇಕೆಂದು ಕ್ರೀಮು ಹೆಚ್ಚಿಸಿದೆ. ಸಾಬೂನನ್ನು ತುರಿಯುವ ಮಣೆಯಲ್ಲಿ ತುರಿದೆ. ಒಂದು ಹನಿ ಗ್ಲಿಸರಿನ್ ಹಾಕಿದೆ. ಗಿರಿಜೆ ಒಂದು ದಿನ ಒಣಕೊಬ್ಬರಿಯೆಂದು ಆ ತುರಿಯನ್ನು ಪಲ್ಯಕ್ಕೆ ಹಾಕಲು ಹೊರಟವಳು ಮೂಸಿ ನೋಡಿ, ‘ಇದು ಅಡಗಿಮನಿ ಅದರಿ, ನಿಮ್ಮ ಕಾಲೇಜಲ್ಲ’ ಎಂದು ತುರಿಯುವ ಮಣೆಯನ್ನು ಕಸಿದುಕೊಂಡಳು. ಅಫಜಲಪುರಕ್ಕೆ ಹೋದಾಗಲೆಲ್ಲ ಮಾತ್ರ ನೊರೆ ತಪ್ಪದೆ ಏಳುತ್ತಿತ್ತು. ಇದಕ್ಕೂ ನನ್ನ ಬಳಿ ಕಾರಣವಿತ್ತು: ಅತ್ತೆಮನೆಯಲ್ಲಿ ಅಳಿಯನಿಗೆ ವಿಶ್ರಾಂತಿ, ಮಣಿಕಟ್ಟು ಸಡಿಲವಾಗಿರುತ್ತದೆ, ಬ್ರಷ್ಷು ಚೆನ್ನಾಗಿ ತಿರುಗುತ್ತದೆ. ಡಿಗ್ರಿ ಪಡೆದ ಮನುಷ್ಯ ಎಂಥ ಕಾರಣವನ್ನಾದರೂ ಹುಟ್ಟಿಸಬಲ್ಲ.

ಸ್ಟಾಫ್ ರೂಮಿನಲ್ಲಿ ನನ್ನ ಮಿಶ್ರಣದ ಬಗ್ಗೆ ಉಪನ್ಯಾಸ ಕೊಡುವಾಗಲೇ ಶ್ರಾವಣದ ಗಡ್ಡದವರನ್ನೂ ಸೇರಿಸಿ ಝಾಡಿಸುತ್ತಿದ್ದೆ. ನಮ್ಮ ಕಡೆ ಶ್ರಾವಣ ಹಿಡಿಯುವುದೆಂದರೆ ತಿಂಗಳಿಡೀ ಕತ್ತಿ ಮುಟ್ಟಿಸಬಾರದು. ಇತಿಹಾಸದ ಪಾಟೀಲರು ಹೀಗೆ ಗಡ್ಡ ಬಿಟ್ಟರೆ ಅವರು ಬೋಧಿಸುವ ಯಾವುದೋ ರಾಜವಂಶದ ಕೊನೆಯ ಅರಸನಂತೆ ಕಾಣುತ್ತಿದ್ದರು. ‘ದೇವರಿಗೆ ನಿಮ್ಮ ಕೂದಲು ಎಣಿಸೋ ಕೆಲಸ ಬಿಟ್ಟು ಬೇರೆ ಉದ್ಯೋಗ ಇಲ್ಲೇನ್ರಿ?’ ಎಂದು ಕೇಳುತ್ತಿದ್ದೆ. ಅವರು ಗಡ್ಡ ಕೆರೆದುಕೊಂಡು, ‘ಒಂದ್ ದಿನ ನಿಮಗೂ ತುರಿಸ್ತದ, ಸರ’ ಅನ್ನುತ್ತಿದ್ದರು.

ಒಂದು ವರ್ಷ, ಎಂಬತ್ತರ ದಶಕದ ನಡುವೆ ಇರಬೇಕು, ಶ್ರಾವಣ ಹಿಡಿಯುವ ಮುಂಚಿನ ಭಾನುವಾರ ಮಾವನವರು ಅಂದೋಲಾದ ಮಠಕ್ಕೆ ಹೋಗುವ ದಾರಿಯಲ್ಲಿ ನಮ್ಮಲ್ಲಿ ಇಳಿದರು. ಚೀಲದಲ್ಲಿ ಹಿತ್ತಾಳೆ ಬಟ್ಟಲು ಇದ್ದೇ ಇತ್ತು. ಚಹಾ ಕುಡಿಯುತ್ತ ನಾನು ನನ್ನ ಮಿಶ್ರಣದ ಮಹಾತ್ಮೆ ಶುರು ಮಾಡಿದೆ.

‘ಅಳಿಯಂದ್ರ, ಎರಡೂ ಕೂಡಿಸಿದ್ರ ಖಿಚಡಿ ಆಗ್ತದ, ಬುರುಗ ಆಗಂಗಿಲ್ಲ’ ಎಂದರು.

‘ಕೆಮಿಸ್ಟ್ರಿ ನಾನು ಓದೇನ್ರಿ, ಮಾವಾರ.’

‘ಓದೀರಿ, ಹೌದು. ದಾಡಿ ನಾನು ಮಾಡ್ಕೊಂಡೇನಿ.’

ಈ ಮಾತಿಗೆ ಗಿರಿಜೆ ಅಡುಗೆಮನೆಯಲ್ಲಿ ನಕ್ಕದ್ದು ಕೇಳಿಸಿತು. ಅಲ್ಲಿಗೆ ನನ್ನ ವಿವೇಕ ಮುಗಿಯಿತು. ಶರ್ತು ಕಟ್ಟೋಣ ಅಂದೆ. ನನ್ನ ಮಿಶ್ರಣದ ನೊರೆ ಅವರ ಸಾಬೂನಿನ ನೊರೆಯನ್ನು ಮೀರಿಸಿದರೆ ಅವರು ಈ ಶ್ರಾವಣದಲ್ಲಿ ದಾಡಿ ಮಾಡಿಕೊಳ್ಳಬೇಕು. ಮೀರಿಸದಿದ್ದರೆ ನಾನು ಶ್ರಾವಣ ಹಿಡಿಯಬೇಕು. ಮಾವನವರು ಮೀಸೆ ತಿರುವಿ, ‘ಮಂಜೂರ್’ ಅಂದುಬಿಟ್ಟರು.

ಗಿರಿಜೆಯ ನಗು ನಿಂತಿತು. ಹೊರಗೆ ಬಂದು, ‘ಅಪ್ಪಾ, ನಿಮಗೇನ್ ಬುದ್ಧಿ ಗಿದ್ದಿ ಅದನೋ ಇಲ್ಲೋ? ಮದಿವಿ ಆದಾಗಿಂದ ಒಂದs ಒಂದು ಶ್ರಾವಣ ಬಿಟ್ಟಿಲ್ಲ. ಅವ್ವ ಕೇಳಿದ್ರ ಊಟ ಬಿಡ್ತಾಳ’ ಎಂದಳು.

‘ಜಬಾನ್ ಕೊಟ್ಟಾಯ್ತು, ತಂಗಿ. ನೀರು ಕಾಸು’ ಎಂದು ಮಾವನವರು ಮಗಳಿಗೆ ಹೇಳಿದರು.

ಅವಳು ನನ್ನ ಕಡೆ ನೋಡಿದಳು. ಆ ನೋಟದ ಅರ್ಥವನ್ನು ಆಗ ನಾನು ಸೋಲಿನ ಭಯ ಎಂದುಕೊಂಡೆ. ನಂತರ ಪಡಸಾಲೆಯಲ್ಲಿ ಎರಡು ಬಟ್ಟಲು, ಎರಡು ಕನ್ನಡಿ, ಹೊಗೆಯಾಡುವ ಬಿಸಿನೀರಿನ ಎರಡು ತಂಬಿಗೆ ಸಜ್ಜಾದವು. ತೀರ್ಪು ಹೇಳಲು ಪಾಟೀಲರನ್ನು ಕರೆಸಿದ್ದೆ. ನನ್ನ ಸೊಕ್ಕು ಸಾಕ್ಷಿ ಇಲ್ಲದೆ ಮುರಿಯಬಾರದಲ್ಲ!

ಮಾವನವರು ಬ್ರಷ್ಷು ಅದ್ದಿ, ಅವಸರವಿಲ್ಲದೆ, ಹಿಟ್ಟು ನಾದುವವರ ಹಾಗೆ ತಿರುವಿದರು. ಬಟ್ಟಲು ತುಂಬಿತು, ಕೆನ್ನೆ ತುಂಬಿತು, ಮೀಸೆ ಮುಳುಗಿತು. ನಾನು ಕ್ರೀಮು ಹಿಂಡಿದೆ, ಸಾಬೂನಿಗೆ ಉಜ್ಜಿದೆ, ತಿರುವಿದೆ. ಒಡೆದ ಹಾಲಿನಂಥದೇನೋ ಬಂತು. ಕ್ರಮ ಬದಲಿಸಿ ಮೊದಲು ಸಾಬೂನು, ಆಮೇಲೆ ಕ್ರೀಮು ಅಂದೆ. ಬಿಳಿ ಚಕ್ಕೆಗಳು ಬಟ್ಟಲಿನ ಅಂಚಿಗೆ ಹೋಗಿ ಕೂತವು. ಇನ್ನಷ್ಟು ತಿರುವಿದೆ. ಬೆವರು ನೊರೆಗಿಂತ ಹೆಚ್ಚು ಬಂತು.

‘ಸರ, ಇದು ಮಜ್ಜಿಗಿ ಆಗ್ಯದ. ಒಗ್ಗರಣಿ ಹಾಕಸ್ರಿ’ ಎಂದು ತೀರ್ಪುಗಾರರು ತೀರ್ಪಿತ್ತರು.

ಮಾವನವರು ಗಲ್ಲ ಒರೆಸಿಕೊಳ್ಳುತ್ತ, ‘ಇವತ್ತs ಜರಾ ಮಾಡ್ಕೊಂಡು ಬಿಡ್ರಿ, ಅಳಿಯಂದ್ರ. ಮುಂದ ಒಂದ್ ತಿಂಗಳ ಸಿಗಂಗಿಲ್ಲ’ ಎಂದು ತಮ್ಮ ಬಟ್ಟಲನ್ನೇ ನನ್ನ ಕಡೆ ಸರಿಸಿದರು. ಉಳಿದಿದ್ದ ಅವರ ನೊರೆಯಲ್ಲೇ ಮುಖ ಕೆರೆದುಕೊಂಡೆ. ನುಣ್ಣಗೆ ಆಯಿತು ಎಂಬುದೇ ಅವಮಾನ.

ಗಡ್ಡ ಬೆಳೆಯಿತು. ಮೊದಲ ವಾರ ಕಾಲೇಜಿನವರು ಜ್ವರ ಬಂದಿದೆ ಎಂದುಕೊಂಡರು. ಆಮೇಲೆ ಸುದ್ದಿ ಗೊತ್ತಾಗಿ ಪಾಟೀಲರು ದಿನಾ ಬಂದು ಪಕ್ಕದಲ್ಲಿ ಕೂತು, ‘ಕೂದಲು ಎಣಿಸೋದು ಮುಗೀತೇನ್ರಿ?’ ಎಂದು ಆಕಾಶದ ಕಡೆ ನೋಡುತ್ತಿದ್ದರು. ವಿಚಿತ್ರವೆಂದರೆ ವಿದ್ಯಾರ್ಥಿಗಳು ನಮಸ್ಕಾರವನ್ನು ಮೊದಲಿಗಿಂತ ಬಗ್ಗಿ ಮಾಡತೊಡಗಿದರು. ಎಷ್ಟೋ ವರ್ಷ ಪಾಠ ಹೇಳಿ ಸಂಪಾದಿಸದ ಗೌರವವನ್ನು ತುರಿಕೆ ತಂದುಕೊಟ್ಟಿತು.

ಶ್ರಾವಣ ಇನ್ನೂ ಅರ್ಧ ಉಳಿದಿರುವಾಗ ಪಿಯುಸಿ ತರಗತಿಯಲ್ಲಿ ಪ್ರತಿ ವರ್ಷದಂತೆ ಗಡಸು ನೀರಿನ ಪಾಠ ಬಂತು. ‘ಗಡಸು ನೀರಿನಲ್ಲಿ ಸಾಬೂನು ಕರಗಿ ನೊರೆ ಕೊಡುವ ಬದಲು ಬಿಳಿಯ ಚಕ್ಕೆಯಾಗಿ...’ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದ ಕೈ ಅಲ್ಲಿಯೇ ನಿಂತಿತು. ನನ್ನ ಹೊರತು ಇಡೀ ಜೇವರ್ಗಿಗೆ ಗೊತ್ತಿದ್ದ ವಿಷಯ ಅದು. ನಮ್ಮ ಓಣಿಯ ಬೋರಿನ ನೀರಿನಲ್ಲಿ ತೊಗರಿಬೇಳೆ ಬೇಯುವುದಿಲ್ಲ. ಗಿರಿಜೆ ಬೇಳೆಗೆ, ಚಹಾಕ್ಕೆ ದೂರದ ಸಿಹಿಬಾವಿಯಿಂದ ಬೇರೆ ನೀರು ತರಿಸಿ ಅಡುಗೆಮನೆಯ ಗಡಿಗೆಯಲ್ಲಿ ಇಡುತ್ತಿದ್ದಳು. ಬೋರಿನ ಸವುಳು ನೀರು ಬಚ್ಚಲಿಗೆ, ಅಂದರೆ ನನಗೆ. ಅಫಜಲಪುರದಲ್ಲಿ ಕುಡಿಯುವುದೂ ಮೀಯುವುದೂ ಭೀಮಾ ನದಿಯ ಮೃದುವಾದ ನೀರು. ಮಣಿಕಟ್ಟು ಸಡಿಲವಂತೆ!

‘ಸರ, ಮುಂದ?’ ಎಂದು ಯಾರೋ ಕೇಳಿದರು. ಉಳಿದದ್ದು ನಾಳೆ ಎಂದು ಸೀಮೆಸುಣ್ಣ ಕೆಳಗಿಟ್ಟೆ.

ಸಂಜೆ ಮನೆಗೆ ಬಂದವನೇ ಗಡಿಗೆಯ ನೀರನ್ನು ಒಂದು ತಂಬಿಗೆ ತೋಡಿಕೊಂಡು ಸಾಬೂನು, ಕ್ರೀಮು ಕೂಡಿಸಿ ತಿರುವಿದೆ. ನೊರೆ ಎದ್ದಿತು. ಬಟ್ಟಲು ಮೀರಿ, ಕೈ ಮೀರಿ ಉಕ್ಕಿತು. ಮಾವನವರ ನೊರೆ ಇದರ ಮುಂದೆ ಬಡವರ ನೊರೆ. ನನ್ನ ಮಿಶ್ರಣ ನಿಜವಾಗಿತ್ತು. ಆ ಬೆಳ್ಳನೆಯ ಗುಡ್ಡವನ್ನು ಕೈಯಲ್ಲಿ ಹಿಡಿದು, ರೇಜರು ಮುಟ್ಟಲು ಪರವಾನಿಗೆ ಇಲ್ಲದ ಪೊದೆಗಡ್ಡ ಹೊತ್ತುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತೆ.

ಗಿರಿಜೆ ಬೇಳೆ ತೊಳೆಯುತ್ತಿದ್ದಳು. ‘ಅವತ್ತು ನನ್ನ ತಂಬಿಗಿಗೆ ಯಾವ ನೀರು ಹಾಕಿದ್ದಿ?’ ಎಂದು ಕೇಳಿದೆ.

‘ನಾನೆಲ್ಲಿ ಹಾಕಿದ್ನಿರಿ? ಅಪ್ಪಂದು ನಾನು ಗಡಿಗ್ಯಾಗಿಂದು ಕಾಸಿ ಕೊಟ್ಟೆ. ನಿಮ್ಮದು ನೀವs ಬಚ್ಚಲದಾಗಿಂದು ತುಂಬ್ಕೊಂಡು ಬಂದ್ರಿ. ನೆನಪಿಲ್ಲೇನು?’

ಎರಡೂ ತಂಬಿಗೆಗಳನ್ನು ಅವಳೇ ತಂದಿಟ್ಟಳೆಂದು ನನ್ನ ನೆನಪು. ಅವಳ ಬಳೆಯ ಸದ್ದು ಕೂಡ ಕಿವಿಯಲ್ಲಿದೆ. ಆದರೆ ನನ್ನ ನೆನಪಿನಲ್ಲಿ ಹಿರೋಳ್ಳಿಯ ಬೇವಿನ ಗಿಡವೂ ಇದೆ. ಪಾಟೀಲರನ್ನು ಸಾಕ್ಷಿ ಕೇಳಬಹುದಿತ್ತು. ಕೇಳಿದರೆ, ಕೆಮಿಸ್ಟ್ರಿಯ ಮೇಷ್ಟ್ರಿಗೆ ಗಡಸು ನೀರು ಗೊತ್ತಾಗಲಿಲ್ಲ ಎಂಬುದೂ ಅವರಿಗೆ ಗೊತ್ತಾಗುತ್ತಿತ್ತು. ಅದಕ್ಕಿಂತ ಭಕ್ತ ಅನ್ನಿಸಿಕೊಳ್ಳುವುದೇ ವಾಸಿ.

‘ಮುಂದಿನ ವರ್ಷ ಮತ್ತ ಶರ್ತು ಕಟ್ಟೋಣ ಅಂತೇನಿ’ ಅಂದೆ.

‘ಕಟ್ರಿ, ಅದಕೇನು? ನೀರು ನಾನು ಕಾಸ್ತೇನಿ’ ಎಂದು ಅವಳು ಬೇಳೆಯನ್ನು ಒಲೆಯ ಮೇಲಿಟ್ಟಳು.

ಶರ್ತು ಕಟ್ಟಲಿಲ್ಲ. ಅಂದಿನಿಂದ ಪ್ರತಿ ವರ್ಷ ಶ್ರಾವಣ ಹಿಡಿಯುತ್ತೇನೆ. ‘ನಮ್ಮ ಅಳಿಯಂದ್ರು ಓದಿದವ್ರಾದ್ರೂ ದೇವರಂದ್ರ ಖರೇನ ಭಕ್ತಿ’ ಎಂದು ಮಾವನವರು ಅಫಜಲಪುರದ ತುಂಬ ಹೇಳಿಕೊಂಡು ಬಂದಿದ್ದಾರೆ. ಈ ಪ್ರಬಂಧ ಬರೆಯುವಾಗಲೂ ಎಡಗೈ ಗಲ್ಲದ ಮೇಲೇ ಇದೆ. ತುರಿಸುತ್ತದೆ.